ಜೋಕಾಲಿಯ ಕೊಂಡಿ ಇನ್ನೆಷ್ಟು ತಾಳುತ್ತದೆ?

ಈ ಸಲ ಪಂಚಮಿಗೆ ನಮ್ಮ ಮನೆಯ ಜೋಕಾಲಿಯನ್ನು ನಾನೇ ಬಿಚ್ಚಿ ಕೆಳಗಿಟ್ಟೆ. ಅದೂ ಪಂಚಮಿಯ ಮುನ್ನಾದಿನ, ರೊಟ್ಟಿ ಹಬ್ಬದ ಬೆಳಗ್ಗೆ. ಅದೂ ಅಕ್ಕ ತವರಿಗೆ ಬಂದು ಒಂದು ರಾತ್ರಿ ಕಳೆದಿತ್ತೋ ಇಲ್ಲವೋ ಅನ್ನುವಾಗ.

ಆಮೇಲೆ ಮನೆಯಲ್ಲಿ ನನ್ನ ಪಾಡು ಏನಾಗಿರಬಹುದು, ನೀವೇ ಊಹಿಸಿ. ಅವ್ವ ಮಾತು ಬಿಟ್ಟಳು. ಹೆಂಡತಿ ಗಿರಿಜಾ ಚಹಾದ ಕಪ್ಪನ್ನು ಕುಕ್ಕಿ ಹೋದಳು. ಓಣಿಯ ಹೆಂಗಸರು ಬಾಗಿಲಲ್ಲಿ ಇಣುಕಿದರು, ನೆಲದ ಮೇಲೆ ಬಿದ್ದಿದ್ದ ಸರಪಳಿ ನೋಡಿದರು, ನನ್ನನ್ನು ನೋಡಿದರು, ಏನೂ ಅನ್ನದೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಬರೀ ಒಂದು ಜೋಕಾಲಿ, ಇಷ್ಟಕ್ಕೇಕೆ ಇಷ್ಟು ರಂಪ ಅಂತ ನಿಮಗನಿಸಬಹುದು. ನಮ್ಮ ಮನೆಯ ಜೋಕಾಲಿಗೆ ಒಂದು ಕಾನೂನಿದೆ. ಅವ್ವ ತನ್ನ ತವರಾದ ರಾಜೂರಿನಿಂದ ತಂದದ್ದು. ಪಂಚಮಿಗೆ ಬಂದ ಮನೆಮಗಳು ಜೋಕಾಲಿಯ ಮೇಲೆ ಕೂತಿರುವಷ್ಟು ಹೊತ್ತು ಅವಳನ್ನು ಯಾವ ಕೆಲಸಕ್ಕೂ ಕರೆಯುವಂತಿಲ್ಲ. ಒಲೆಯ ಮೇಲೆ ಹಾಲು ಉಕ್ಕಲಿ, ಬಾಗಿಲಿಗೆ ಬೀಗರು ಬರಲಿ, ಕರೆಯುವಂತಿಲ್ಲ. ಅವಳಿಗೆ ಸಾಕೆನಿಸಿದಾಗ ಅವಳಾಗಿಯೇ ಇಳಿಯಬೇಕು. (ಈ ಕಾನೂನು ಸೊಸೆಯಂದಿರಿಗೆ ಅನ್ವಯಿಸುವುದಿಲ್ಲ. ಗಿರಿಜಾ ಮದುವೆಯಾಗಿ ಬಂದ ವರ್ಷದಿಂದ ಈ ತಿದ್ದುಪಡಿಗಾಗಿ ಹೋರಾಡುತ್ತಿದ್ದಾಳೆ.)

ಅಕ್ಕನ ಹೆಸರು ಕಸ್ತೂರಿ. ಜಕ್ಕಲಿಗೆ ಕೊಟ್ಟಿದ್ದೇವೆ. ಹೊಲ, ಎಮ್ಮೆ, ಆಳುಗಳ ಬುತ್ತಿ, ಇದೆಲ್ಲದರ ಮೇಲೆ ಹಾಸಿಗೆ ಹಿಡಿದ ಅತ್ತೆ. ಆ ಮುದುಕಿ ಬಚ್ಚಲಲ್ಲಿ ಜಾರಿ ಬಿದ್ದು ವರ್ಷಗಳಾದವು. ಎತ್ತಿ ಕೂರಿಸಬೇಕು, ಮಗ್ಗುಲು ಹೊರಳಿಸಬೇಕು, ಬಚ್ಚಲಿಗೆ ಒಯ್ಯಬೇಕು. ಪಂಚಮಿಗೆ ಅಕ್ಕನ ನಾದಿನಿಯೂ ಗಂಡನ ಜೊತೆ ತನ್ನ ತವರಿಗೆ, ಅಂದರೆ ಜಕ್ಕಲಿಗೆ ಬರುತ್ತಾಳಲ್ಲ, ಅವರಿಬ್ಬರೂ ಸೇರಿ ಮುದುಕಿಯನ್ನು ನೋಡಿಕೊಳ್ಳುವ ಆ ಎರಡು ದಿನ ಅಕ್ಕನಿಗೆ ಬಿಡುವು. ಆ ಎರಡು ದಿನದಲ್ಲೂ ಕೈಕಾಲು ಸುಮ್ಮನಿರುವುದು ಜೋಕಾಲಿಯ ಮೇಲೆ ಕೂತಾಗ ಮಾತ್ರ. ಇಳಿದರೆ ಅಡುಗೆಮನೆ. ಅಕ್ಕನಿಗೆ ಬೇರೆ ಯಾವ ರಜೆಯೂ ಗೊತ್ತಿಲ್ಲ.

ಅವಳನ್ನು ಕರೆತರಲು ಹಿಂದಿನ ದಿನ ನಾನೇ ಹೋಗಿದ್ದೆ. ನಮ್ಮೂರು ಗಜೇಂದ್ರಗಡದ ಬಸ್‌ ಸ್ಟ್ಯಾಂಡಿನಲ್ಲಿ ಪಂಚಮಿಯ ಗದ್ದಲ ಹೇಗಿರುತ್ತದೆ ಅಂತ ನೋಡಿದವರಿಗೇ ಗೊತ್ತು. ಪ್ರತಿ ಬಸ್ಸಿನಿಂದಲೂ ಅಣ್ಣತಮ್ಮಂದಿರು ಚೀಲ ಹೊತ್ತು ಇಳಿಯುತ್ತಿರುತ್ತಾರೆ, ಹಿಂದೆ ಅಕ್ಕತಂಗಿಯರು ಕಣ್ಣರಳಿಸಿಕೊಂಡು ಬರುತ್ತಿರುತ್ತಾರೆ. ನಮ್ಮಕ್ಕ ಮಾತ್ರ ಜಕ್ಕಲಿಯಲ್ಲಿ ಸೀಟು ಸಿಕ್ಕ ಕೂಡಲೇ ಕಿಟಕಿಯ ಸರಳಿಗೆ ತಲೆಯಿಟ್ಟು ನಿದ್ದೆ ಹೋದಳು. ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವಾಗ ನಾನೇ ಎಬ್ಬಿಸಿದೆ. "ಬಂತೇನು?" ಅಂದಳು. ಮತ್ತೆ ಕಣ್ಣು ಮುಚ್ಚಿದಳು.

ಅಂಥವಳ ಜೋಕಾಲಿಯನ್ನು ನಾನು ಬಿಚ್ಚಿದೆ. ಯಾಕೆ?

ಹೇಳುತ್ತೇನೆ. ನಾನು ರೋಣದ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಪಾಠ ಹೇಳುವವನು ಅನ್ನುವುದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ದಿನಾ ಹೋಗುವ ಬಸ್ಸು, ದಿನಾ ಬರುವ ಬಸ್ಸು, ನಡುವೆ ಮೊಬೈಲು ನೋಡುತ್ತ ಕೂರುವ ಹುಡುಗರು. ಇದಕ್ಕೂ ಮೊದಲು, ಕೂದಲು ಕಪ್ಪಗಿದ್ದ ಕಾಲದಲ್ಲಿ, ಒಂದು ಪಿಎಚ್‌.ಡಿ. ಮಾಡಿದ್ದೆ. ಲೋಹದಲ್ಲಿ ಬಿದ್ದ ಬಿರುಕು ಹೇಗೆ ಬೆಳೆಯುತ್ತದೆ, ಆ ಲೋಹದ ಆಯುಷ್ಯ ಇನ್ನೆಷ್ಟು, ಅದನ್ನು ಶಕ್ತಿಯ ಲೆಕ್ಕದಿಂದ ಮೊದಲೇ ಹೇಳುವುದು ಹೇಗೆ ಅನ್ನುವುದು ವಿಷಯ. ನಮ್ಮ ಓಣಿಯ ನೇಕಾರರು ಇದನ್ನು ಕೇಳಿ ನನಗಿಟ್ಟ ಹೆಸರು "ಕಬ್ಬಿಣದ ಜೋಯಿಸ". ಇಳಕಲ್ಲಿನ ಬೀಗರವರೆಗೂ ಆ ಹೆಸರು ಹೋಗಿದೆ.

ರೊಟ್ಟಿ ಹಬ್ಬದ ಬೆಳಗ್ಗೆ ಸರಪಳಿಗೆ ಎಣ್ಣೆ ಬಿಡಲು ಏಣಿ ಹತ್ತಿದೆ. ಸ್ಲ್ಯಾಬಿನಲ್ಲಿ ಹೂತ ಬಳೆಗೂ ಸರಪಳಿಗೂ ನಡುವೆ ಒಂದು ಕೊಂಡಿ ಇರುತ್ತದೆ, ಎಸ್ ಅಕ್ಷರದಂತೆ ಬಾಗಿಸಿದ ಕಬ್ಬಿಣದ ಸಳಿ. ಆ ಕೊಂಡಿಯ ಒಳಬಾಗಿನಲ್ಲಿ ಕೂದಲೆಳೆಯಂಥ ಗೆರೆಯೊಂದು ಕಂಡಿತು. ಉಗುರಿನಿಂದ ಕೆರೆದೆ. ಹೋಗಲಿಲ್ಲ. ಬಿಚ್ಚಿ ಕೆಳಗೆ ತಂದು ಡೀಸೆಲ್ ಸವರಿ, ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ಪುಡಿ ಬಳಿದೆ. ಸ್ವಲ್ಪ ಹೊತ್ತಿಗೆ ಬಿಳಿಯ ಮೇಲೆ ಕಪ್ಪು ಗೆರೆ ಮೂಡಿತು. ಬಿರುಕಿನೊಳಗೆ ಇಳಿದಿದ್ದ ಡೀಸೆಲ್ಲನ್ನು ಸುಣ್ಣ ಹೊರಗೆ ಎಳೆದಿತ್ತು. ಅನುಮಾನ ಉಳಿಯಲಿಲ್ಲ.

"ಇದರ ಮ್ಯಾಗ ಯಾರೂ ಕುಂದ್ರೂದು ಬ್ಯಾಡ," ಅಂದೆ.

"ಹೋದ ವರ್ಷ ಇದರ ಮ್ಯಾಗ ಇಬ್ಬಿಬ್ಬರು ನಿಂತು ಜೀಕ್ಯಾರ. ಆವಾಗ ಏನೂ ಆಗಲಿಲ್ಲಲ್ಲ?" ಅಂದಳು ಅವ್ವ.

"ಆವಾಗ ಜೀಕಿದ್ದಕ್ಕ ಈಗ ಸೀಳೇತಿ."

"ಹಂಗಾರ ಇನ್ನೆಷ್ಟ ದಿನ ತಾಳತೈತಿ, ಹೇಳು. ಅದನ್ನ ಹೇಳಾಕನ ಅಲ್ಲೇನ ನೀ ಅಷ್ಟು ವರ್ಷ ಓದಿದ್ದು? ನಾಳೆ ಒಂದಿನ ತಾಳಿದರ ಸಾಕು."

ನೋಡಿ, ಇದು ಮಾತಂದರೆ. ಇಡೀ ಪಿಎಚ್‌.ಡಿ.ಯ ಮೌಖಿಕ ಪರೀಕ್ಷೆಯಲ್ಲೂ ಯಾರೂ ನನ್ನನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ.

ತಂತಿ ತುಂಡು ಮಾಡಲು ಇಕ್ಕಳ ಸಿಗದಿದ್ದಾಗ ನೀವೇನು ಮಾಡುತ್ತೀರಿ? ಆ ಕಡೆ ಈ ಕಡೆ ಬಗ್ಗಿಸುತ್ತೀರಿ. ಮುರಿಯುವ ಮೊದಲು ಮುಟ್ಟಿ ನೋಡಿದ್ದೀರಾ? ಬಿಸಿಯಾಗಿರುತ್ತದೆ. ನೀವು ಹಾಕಿದ ಶಕ್ತಿಯಲ್ಲಿ ಒಂದಿಷ್ಟು ಹಾಗೆ ಬಿಸಿಯಾಗಿ ಹೋಗುತ್ತದೆ, ಒಂದಿಷ್ಟು ತಂತಿಯನ್ನು ಒಳಗೊಳಗೇ ಹಾಳು ಮಾಡುತ್ತದೆ. ಜೋಕಾಲಿಯ ಕೊಂಡಿಗೆ ಆಗುವುದೂ ಅದೇ, ಕಣ್ಣಿಗೆ ಕಾಣದಷ್ಟು ಸಣ್ಣಗೆ. ಪ್ರತಿ ಸಲ ಜೀಕಿ ಕೆಳಗೆ ಬಂದಾಗ ಕೊಂಡಿಯ ಮೇಲೆ ಭಾರ ಏರುತ್ತದೆ, ಮೇಲೆ ಹೋದಾಗ ಇಳಿಯುತ್ತದೆ. ಏರಿ ಇಳಿಯುವಾಗಲೆಲ್ಲ ಒಂದು ಚೂರು ಶಕ್ತಿ ಕಬ್ಬಿಣದಲ್ಲೇ ಉಳಿದು ಬಿರುಕಿನ ಬಾಯಿಯನ್ನು ಒಂದು ಚೂರು ತೆರೆಯುತ್ತದೆ. ಕಬ್ಬಿಣ ಒಟ್ಟು ಎಷ್ಟು ತಡೆದುಕೊಳ್ಳಬಲ್ಲದು, ಒಂದು ಜೀಕಿಗೆ ಎಷ್ಟು ಹೋಗುತ್ತದೆ, ಇವೆರಡು ಗೊತ್ತಾದರೆ ಆಯುಷ್ಯ ಗೊತ್ತಾದಂತೆ. ಹಂಡೆಯಲ್ಲಿ ನೀರೆಷ್ಟು, ಚರಿಗೆ ಎಷ್ಟು ದೊಡ್ಡದು ಅಂತ ತಿಳಿದರೆ ಎಷ್ಟು ಜನ ಸ್ನಾನ ಮಾಡಬಹುದು ಅಂತ ಹೇಳಿದ ಹಾಗೆ.

ಕೇಳಲು ಎಷ್ಟು ಸಲೀಸು, ಅಲ್ಲವೇ? ಲ್ಯಾಬಿನಲ್ಲಿ ಖರೆ. ಅಲ್ಲಿ ಹೊಸ ಕಬ್ಬಿಣ ಇರುತ್ತದೆ, ಯಂತ್ರ ಇರುತ್ತದೆ, ಪ್ರತಿ ಏರಿಳಿತವನ್ನೂ ಅದೇ ಬರೆದಿಡುತ್ತದೆ. ನಮ್ಮ ಪಡಸಾಲೆಯ ಕೊಂಡಿಯ ಮೇಲೆ ಇಷ್ಟು ವರ್ಷ ಯಾರು ಕೂತರು, ಯಾರು ನಿಂತು ಜೀಕಿದರು, ಯಾವ ಬೀಗಿತಿ ಎಷ್ಟು ತೂಕವಿದ್ದಳು? ಯಾರಿಗೆ ನೆನಪಿದೆ? ಹಂಡೆಯಲ್ಲಿ ಈಗಾಗಲೇ ಎಷ್ಟು ಖಾಲಿಯಾಗಿದೆ ಅಂತ ಗೊತ್ತಿಲ್ಲದೆ ಇನ್ನೆಷ್ಟು ಉಳಿದಿದೆ ಅಂತ ಹೇಗೆ ಹೇಳಲಿ? ಬಿರುಕಿನ ಬುದ್ಧಿ ಬೇರೆ ನೆಟ್ಟಗಿಲ್ಲ. ಬಹಳ ಕಾಲ ಸೋಮಾರಿಯಂತೆ ಕೂತಿರುತ್ತದೆ, ಕೊನೆಗೊಮ್ಮೆ ಎದ್ದು ಓಡುತ್ತದೆ.

ಇದೆಲ್ಲವನ್ನೂ ಅವ್ವನಿಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಅಂದ್ರ ನಿನಗ ಗೊತ್ತಿಲ್ಲ," ಅಂದಳು.

ನರಗುಂದದಲ್ಲಿ ನನ್ನ ಜೊತೆಗೇ ಸಂಶೋಧನೆ ಮಾಡಿದ ಗೆಳೆಯನಿದ್ದಾನೆ. ಅವನೂ ಮೇಷ್ಟ್ರು, ಅವನಿಗೂ ಸಾಕಾಗಿದೆ. ಫೋನ್ ಮಾಡಿದೆ. ಬಿರುಕಿನ ಫೋಟೊ ಕಳಿಸಿದೆ. ಹಬ್ಬದ ದಿನ ಇವನದೇನು ಕಾಟ ಅನ್ನುವ ದನಿಯಲ್ಲಿ ಅವನು ಒಂದೇ ಮಾತು ಕೇಳಿದ. "ಲೆಕ್ಕ ಬಿಡಪಾ. ನಿನ್ನ ಮಗಳನ್ನ ಅದರ ಮ್ಯಾಗ ಕುಂದರಸ್ತೀಯೇನು?" ಇಲ್ಲ ಅಂದೆ. "ಮತ್ತ ನನಗ್ಯಾಕ ಫೋನ್ ಮಾಡೀದಿ?" ಅಂದ. ಇಷ್ಟು ವರ್ಷದ ವಿದ್ಯೆ ಕೊನೆಗೆ ಇಷ್ಟಕ್ಕೇ ಬಂದು ನಿಂತಿತು.

ಇತ್ತ ಅಕ್ಕ ಏನು ಮಾಡಿದಳು? ಸಿಟ್ಟಾಗಲಿಲ್ಲ. ಅದೇ ತೊಂದರೆ. "ಹೋಗಲಿ ಬಿಡವ್ವ, ಅಂವ ತಿಳದಾಂವ ಅದಾನ," ಅಂತ ಸೆರಗು ಸಿಕ್ಕಿಸಿ ಅಡುಗೆಮನೆಗೆ ಹೋದಳು. ಹತ್ತು ನಿಮಿಷಕ್ಕೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ರೊಟ್ಟಿ ಹಬ್ಬದ ದಿನ ಆ ಸದ್ದಿಗೆ ಕೊನೆ ಎಲ್ಲಿದೆ? ಓಣಿಯ ಮನೆಮನೆಗೂ ಸಜ್ಜೆ ರೊಟ್ಟಿ ಹಂಚಬೇಕು. ನಾನು ಪಡಸಾಲೆಯಲ್ಲಿ ಕೊಂಡಿ ಹಿಡಿದುಕೊಂಡು ಕೂತೆ. ಒಳಗಿನಿಂದ ಟಪ ಟಪ ಅನ್ನುವ ಒಂದೊಂದು ಸದ್ದೂ ನನಗೇ ಬಡಿದಂತಾಗುತ್ತಿತ್ತು. ಅಕ್ಕನ ಜೀವ ಉಳಿಸಲು ಹೋಗಿ ಅವಳ ಹಬ್ಬವನ್ನೇ ಕಸಿದಿದ್ದೆ. ತಡೆಯಲಾಗದೆ ಎದ್ದೆ.

ಹಬ್ಬದ ದಿನ ಅಂಗಡಿ ತೆರೆದಿದ್ದವನು ಬಸ್‌ ಸ್ಟ್ಯಾಂಡ್ ರಸ್ತೆಯ ವೆಲ್ಡಿಂಗಿನ ಮೌಲಾಸಾಬ ಒಬ್ಬನೇ. ಕೊಂಡಿ ನೋಡಿದ, ತಲೆಯಾಡಿಸಿದ. "ಒಂದ ತಾಸು ತಡೀರಿ ಸರ್ರ, ಬೇಷಂದು ಮಾಡಿ ಕೊಡ್ತೀನಿ," ಅಂದ. ಮಾಡಿಯೂ ಕೊಟ್ಟ. ಕಪ್ಪಗೆ ಮಿರುಗುವ ದಪ್ಪ ಕೊಂಡಿ. ಸುತ್ತಿಗೆಯಿಂದ ಬಡಿದರೆ ಗಂಟೆಯಂತೆ ನಾದ.

"ಲಾರಿ ಪಾಟಾದ್ದು ಮಾಡೀನ್ರಿ. ನೀರಾಗ ಎದ್ದಿ ಗಟ್ಟಿ ಮಾಡೀನಿ. ಆನಿ ಜೋತುಬಿದ್ದರೂ ಬಗ್ಗೂದಿಲ್ಲ."

ಲಾರಿಯ ಗಾಲಿಯ ಮೇಲೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಪಟ್ಟಿಗಳಿರುತ್ತವಲ್ಲ, ಅದು ಪಾಟಾ. ನಮ್ಮ ಕಡೆ ಗಟ್ಟಿ ಸಾಮಾನು ಬೇಕೆಂದರೆ ಎಲ್ಲರೂ ಕೇಳುವುದು ಪಾಟಾದ ಕಬ್ಬಿಣವನ್ನೇ. ಕೊಡಲಿಗೆ ಪಾಟಾ, ಕುಡುಗೋಲಿಗೆ ಪಾಟಾ. ತಪ್ಪಿಲ್ಲ, ಕೊಯ್ಯಲಿಕ್ಕೆ ಅದು ಒಳ್ಳೆಯದೇ. ಆದರೆ ತೂಗಲಿಕ್ಕೆ?

"ಬಗ್ಗೂದಿಲ್ಲ ಅಂದ್ರ ಬ್ಯಾಡ ಮೌಲಾ," ಅಂದೆ.

ಅವನು ನನ್ನ ಮುಖ ನೋಡಿದ. ಬಿಸಿಲು ತಲೆಗೇರಿದೆಯೇನೋ ಅಂತ ಅನುಮಾನ ಬಂದಿರಬೇಕು. ನಾನೂ ದಣಿದಿದ್ದೆ. ಆದರೂ ಪಾಠ ಹೇಳಿದೆ. ಮೆತ್ತನೆಯ ಸಳಿಯ ಕೊಂಡಿ ಭಾರ ಹೆಚ್ಚಾದರೆ ಬಾಯಿ ಬಿಡುತ್ತದೆ, ಉದ್ದವಾಗುತ್ತದೆ, ನೋಡುವವರ ಕಣ್ಣಿಗೆ ಬೀಳುತ್ತದೆ. ಮುರಿಯುವ ಮೊದಲು ಬಹಳಷ್ಟು ಶಕ್ತಿಯನ್ನು ತಾನು ನುಂಗುತ್ತದೆ. ನೀರಿಗದ್ದಿ ಗಟ್ಟಿ ಮಾಡಿದ ಪಾಟಾ ಹಾಗಲ್ಲ. ಕೊನೆಯ ಗಳಿಗೆಯವರೆಗೆ ನೆಟ್ಟಗೆ ನಿಂತಿರುತ್ತದೆ. ಬಿರುಕು ಬಿದ್ದರೂ ಮೇಲೆ ತೋರಿಸುವುದಿಲ್ಲ. ಟಣ್ ಅಂತ ಒಂದು ಸಲ ಹೋಗುತ್ತದೆ, ಅಷ್ಟೆ. ಅದೂ ಹಳೆಯ ಪಾಟಾ. ಯಾವ ಯಾವ ರಸ್ತೆಯಲ್ಲಿ, ಎಷ್ಟು ಸಿಮೆಂಟ್ ಚೀಲದ ಕೆಳಗೆ, ಎಷ್ಟು ಸಲ ಬಗ್ಗಿ ಎದ್ದಿದೆಯೋ ಯಾರಿಗೆ ಗೊತ್ತು.

"ಎಲ್ಲಾರೂ ಗಟ್ಟೀದು ಕೇಳ್ತಾರ್ರಿ. ಮೆತ್ತಂದು ಕೊಡು ಅಂತ ಕೇಳಿದವರು ನೀವೊಬ್ಬರ ನೋಡ್ರಿ," ಅಂದ ಮೌಲಾಸಾಬ. ಮುಖ ಸಣ್ಣಗಾಗಿತ್ತು. ಅಷ್ಟು ಚಂದ ಮಾಡಿದ್ದ, ಪಾಪ. ಗೊಣಗುತ್ತಲೇ ಸಾದಾ ಕಬ್ಬಿಣದ ದಪ್ಪ ಸಳಿ ತೆಗೆದು ಬಗ್ಗಿಸಿದ. ಈ ಸಲ ನೀರಿಗೆ ಅದ್ದಬೇಡ ಅಂದೆ. ಬೂದಿಯಲ್ಲಿ ತಣ್ಣಗಾಗಲು ಬಿಟ್ಟ. ಎರಡೂ ಕಡೆಗೆ ಹೊಸದೇ ಇರಲಿ ಅಂತ ಒಂದು ಜೊತೆ ಮಾಡಿಸಿಕೊಂಡು ಮನೆಗೆ ಬಂದೆ.

ಜೋಕಾಲಿ ಮತ್ತೆ ಮೇಲೇರಿತು. ಮೊದಲು ನಾನೇ ಕೂತೆ. ಆಮೇಲೆ ಗಿರಿಜಾಳನ್ನೂ ಜೊತೆಗೆ ಕೂರಿಸಿಕೊಂಡೆ. ("ಸಾಯೂದಿದ್ದರ ಇಬ್ಬರೂ ಕೂಡೇ ಸಾಯೋಣ ಅಂತೇನು?" ಅಂದಳು. ಆದರೂ ಇಳಿಯಲು ಅವಸರ ಮಾಡಲಿಲ್ಲ.) ಕೊಂಡಿ ಕದಲಲಿಲ್ಲ. ಆಗ ಅವ್ವ ಬಾಯಿ ಬಿಟ್ಟಳು. "ಕಸ್ತೂರೀ, ಹಿಟ್ಟಿನ ಕೈ ತೊಳಕೊಂಡು ಬಾ."

ಅಕ್ಕ ಬಂದು ಕೂತಳು. ಎಡಗೈ ಎತ್ತಿ ಸರಪಳಿ ಹಿಡಿದಳು. ಬಲಗೈ ಮಾತ್ರ ಕೆಳಗೆ, ತೊಡೆಯ ಹತ್ತಿರ, ಹಲಗೆಯ ಅಂಚು ಹಿಡಿದಿತ್ತು. ನಾನು ನೋಡಿದೆ. ನೋಡಿಬಿಟ್ಟ ಮೇಲೆ ಸುಮ್ಮನಿರುವುದು ಹೇಗೆ?

"ಅಕ್ಕಾ, ಬಲಗೈಗೆ ಏನಾಗೇತಿ?"

"ಏನಾಗೇತಿ? ಕೈ ಐತಿ."

"ಮ್ಯಾಲ ಎತ್ತು ನೋಡೋಣು."

"ಈಗ ನನಗೂ ಡೀಸೆಲ್ ಹಚ್ಚಿ ನೋಡಾಂವೇನು?" ಅಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅವಳು ನೆಲಕ್ಕೆ ಕಾಲೊತ್ತಿ ಒಮ್ಮೆ ಜೀಕಿದಳು. ಆಮೇಲೆ ದನಿ ತಗ್ಗಿಸಿ, "ಎತ್ತಾಕ ಬರೂದಿಲ್ಲೋ ತಮ್ಮಾ. ಭುಜದ ಮ್ಯಾಲ ಹೋಗೂದಿಲ್ಲ. ಭಾಳ ದಿನ ಆತು," ಅಂದಳು.

"ಮತ್ತ ಮುಂಜಾನಿಂದ ರೊಟ್ಟಿ ಬಡದೀಯಲ್ಲ?"

"ರೊಟ್ಟಿ ತೆಳಗ ಬಡೀತಾರ. ಮ್ಯಾಗ ಬಡೀತಾರೇನು?"

"ಮಾವಗ ಹೇಳೀಯಿಲ್ಲೋ?" ಅಂದೆ. ಮಾವ ಅಂದರೆ ಅಕ್ಕನ ಗಂಡ.

"ಹೇಳಿ ಏನ ಮಾಡೂದು? ಅತ್ತೀನ ಎತ್ತೂದು ತಪ್ಪತೈತೇನು? ಎಡಗೈ ಐತಲ್ಲ."

ಒಂದು ಕೈಯಲ್ಲಿ ಹಾಸಿಗೆ ಹಿಡಿದ ಮುದುಕಿಯನ್ನು ಎತ್ತುತ್ತ, ಯಾರಿಗೂ ಹೇಳದೆ ಬಂದವಳು, ಬಸ್ಸಿನ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದಾಗ ನಾನು ಅವಳಿಗೆ ಗಾಳಿಯಂತ್ರ ತೋರಿಸಲು ಎಬ್ಬಿಸಿದ್ದೆ.

ನೋಡನೋಡುತ್ತ ಅಕ್ಕ ಜೋಕಾಲಿಯ ಮೇಲೇ ಸರಪಳಿಗೆ ಕೆನ್ನೆ ಆನಿಸಿ ನಿದ್ದೆ ಹೋದಳು. ಬೀಳಬಾರದೆಂದು ಗಿರಿಜಾ ಪಕ್ಕದಲ್ಲಿ ಕೂತು ಭುಜ ಕೊಟ್ಟಳು. ಸರದಿಗಾಗಿ ಬಂದಿದ್ದ ಓಣಿಯ ಹುಡುಗಿಯರು ಸದ್ದು ಮಾಡದೆ ಹೊರಗೆ ಹೋದರು. ಆಗಲೇ ಅಕ್ಕನ ಫೋನು ಹೊಡೆದುಕೊಂಡಿತು. ಜಕ್ಕಲಿಯಿಂದ ನಾದಿನಿ. ಅವ್ವ ಎತ್ತಿದಳು. ಗುಳಿಗೆ ಎಲ್ಲಿವೆ ಅಂತ ಕೇಳಿದ್ದು ನನಗೂ ಕೇಳಿಸಿತು. "ಆಕಿ ಜೋಕಾಲಿ ಮ್ಯಾಗ ಅದಾಳವ್ವ. ಹುಡುಕ್ಕೋ," ಅಂತ ಅವ್ವ ಫೋನಿಟ್ಟಳು. ಆವತ್ತು ಅವ್ವನ ಮೇಲೆ ನನಗೆ ಬಹಳ ಪ್ರೀತಿ ಬಂತು.

ಹಬ್ಬ ಮುಗಿಯಿತು. ನಾದಿನಿ ಮತ್ತು ಅವಳ ಗಂಡ ಜಕ್ಕಲಿಯಿಂದ ಹೊರಡುವವರಿದ್ದರು. ಅಂದರೆ ಅಕ್ಕನ ಬಿಡುವೂ ಮುಗಿಯಿತು. ಮಾವ ಅವಳನ್ನು ಕರೆದೊಯ್ಯಲು ಬಂದ. ಕೆಟ್ಟವನಲ್ಲ. ಕುಡಿಯುವುದಿಲ್ಲ, ಬೈಯುವುದಿಲ್ಲ, ಬರುವಾಗ ಹಸಿ ಶೇಂಗಾ ತಂದಿದ್ದ. ನಾನು ಕೈಯ ವಿಷಯ ಎತ್ತಿದೆ. ಅವನು ನಂಬಲಿಲ್ಲ.

"ಏ, ನಮ್ಮಾಕಿ ಭಾಳ ಗಟ್ಟಿ ಅದಾಳಪಾ ಪ್ರೊಫೆಸರ. ಒಂದ ದಿನಾ ಏನೂ ಅಂದಾಕಿ ಅಲ್ಲ."

ಹೊಗಳಿಕೆಯೇ ಅದು. ಊರೆಲ್ಲ ಅಕ್ಕನನ್ನು ಹೊಗಳುವುದು ಹೀಗೇ. ಜಕ್ಕಲಿಯಲ್ಲೂ, ಗಜೇಂದ್ರಗಡದಲ್ಲೂ. ನಾನೂ ಎಷ್ಟೋ ಸಲ ಹೆಮ್ಮೆಯಿಂದ ಕೇಳಿದ್ದೇನೆ. ಈ ಸಲ ಕೇಳಿದಾಗ ಹೆದರಿಕೆಯಾಯಿತು. ನಾವು ಯಾರನ್ನಾದರೂ ಗಟ್ಟಿ ಅನ್ನುವುದು ಯಾವಾಗ? ಅವರು ಏನೂ ಹೇಳದಿದ್ದಾಗ. ನರಳುವವರಿಗೆ ಒಂದು ಲೋಟ ಬಿಸಿನೀರಾದರೂ ಸಿಗುತ್ತದೆ, ಗಟ್ಟಿಯಿದ್ದವರಿಗೆ ಇನ್ನೊಂದು ಕೆಲಸ ಸಿಗುತ್ತದೆ. ಇಷ್ಟು ಕಾಲ ತಾಳಿದ್ದಾರೆ, ಇನ್ನೂ ತಾಳುತ್ತಾರೆ ಅಂತ ನಾವು ಲೆಕ್ಕ ಹಾಕುತ್ತೇವೆ. ನನ್ನ ಶಾಸ್ತ್ರದಲ್ಲಿ ಆ ಲೆಕ್ಕ ತಲೆಕೆಳಗು. ಇಷ್ಟು ಕಾಲ ತಾಳಿದ್ದಾರೆ ಅಂದರೆ ಅಷ್ಟು ಮುಗಿದಿದೆ ಅಂತಲೇ ಅರ್ಥ.

ಇದನ್ನು ಮಾವನಿಗೆ ಹೇಳುವಷ್ಟು ತ್ರಾಣ ನನ್ನಲ್ಲಿರಲಿಲ್ಲ. ಹೇಳಿದ್ದರೂ ಮೌಲಾಸಾಬ ನೋಡಿದಂತೆಯೇ ನೋಡುತ್ತಿದ್ದ. ಅವ್ವನೇ ನಡುವೆ ಬಂದಳು. "ದವಾಖಾನಿಗೆ ತೋರಿಸಿ ಕಳಸ್ತೀವಿ. ನೀವು ಊಟ ಮಾಡಿ ಹೋಗ್ರಿ," ಅಂದಳು. ಅವನು ಊಟ ಮಾಡಿದ, ಚೀಲ ಎತ್ತಿಕೊಂಡ, ಅಕ್ಕನತ್ತ ನೋಡಿದ. ಅಕ್ಕ ಹೊರಡಲು ಎದ್ದೇಬಿಟ್ಟಿದ್ದಳು. ಅವ್ವ ಅವಳ ಎಡಗೈ ಹಿಡಿದು ಕೂರಿಸಿದಳು. ಮಾವ ಒಬ್ಬನೇ ಬಸ್ಸು ಹತ್ತಿದ.

ದವಾಖಾನೆಯಲ್ಲಿ ಡಾಕ್ಟರು ಅಕ್ಕನ ಕೈ ಎತ್ತಿಸಿ ನೋಡಿದರು, ಒತ್ತಿ ನೋಡಿದರು. ಭುಜದೊಳಗಿನ ಸ್ನಾಯು ಹರಿದಂತಿದೆ, ಸ್ಕ್ಯಾನ್ ಮಾಡಿಸಿ, ಅಲ್ಲಿಯತನಕ ಒಂದು ಕೊಡ ನೀರನ್ನೂ ಎತ್ತಬಾರದು ಅಂದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಅಂತ ನನ್ನನ್ನೇ ಗದರಿದರು. ಅಕ್ಕ ಹೊರಗೆ ಬಂದು ಮೊದಲು ಆಡಿದ ಮಾತು, "ಅತ್ತೀನ ಯಾರು ಎತ್ತತಾರೋ?"

ಮರುದಿನ ನಾನು ರೋಣದ ಬಸ್ಸಿನಲ್ಲಿ ನಿಂತಿದ್ದೆ. ಮಾವನ ಫೋನು. ಏದುಸಿರು ಬಿಡುತ್ತಿದ್ದ.

"ಪ್ರೊಫೆಸರ, ಕಸ್ತೂರಿನ ಲಗೂ ಕಳಸಪಾ. ನಮ್ಮವ್ವನ್ನ ಎತ್ತೂದು ಒಬ್ಬರ ಕೈಲೆ ಆಗೂ ಕೆಲಸ ಅಲ್ಲ."

"ಹೌದೇನ್ರಿ ಮಾವಾ?" ಅಂದೆ. "ಹಂಗಾರ ಇಷ್ಟು ವರ್ಷ ಎಷ್ಟು ಮಂದಿ ಎತ್ತತಿದ್ರು?"